ನಡವಳಿ ಪುಸ್ತಕಗಳನ್ನು ಮುಂದಿಟ್ಟುಕೊಂಡು

ನಮ್ಮ ಊರಿನ ರೋಟರಿ ಸಂಸ್ಥೆಗೆ ಐವತ್ತು ವರ್ಷ ತುಂಬುತ್ತಿರುವ ಈ ಸಂದರ್ಭದಲ್ಲಿ ಅದರ ಇತಿವೃತ್ತವನ್ನು ಬರೆದುಕೊಡಬೇಕೆಂದು ಸ್ಮರಣ ಸಂಚಿಕೆಯ ಸಂಪಾದಕವರ್ಗದವರು ನನಗೆ ಹೇಳಿಕಳುಹಿಸಿದಾಗ, ಅಂಥದೊಂದು ಬರವಣಿಗೆಗೆ ಆಧಾರವಾಗಬಲ್ಲ ಸಾಮಗ್ರಿ ಎಲ್ಲಿದೆಯೆಂದು ಅರಸುತ್ತ ಹೋದವನ ಕಣ್ಣಿಗೆ ಬಿದ್ದುವು ಎರಡೇ: ಸಭಾಭವನದ ಗೋಡೆಯ ಮೇಲೆ ಸಾಲಾಗಿ ತೂಗುಹಾಕಿರುವ ಭಾವಚಿತ್ರಗಳು ಒಂದು, ಕಚೇರಿಯ ಬೀರುವಿನ ಅಡಿಯ ಅರೆಯಲ್ಲಿ, ಮಲೆನಾಡಿನ ಐವತ್ತು ಮಳೆಗಾಲಗಳ ತೇವವನ್ನು ತಮ್ಮ ರಟ್ಟಿನೊಳಗೆ ಹೀರಿಕೊಂಡು ಕುಳಿತಿರುವ ನಡವಳಿ ಪುಸ್ತಕಗಳು ಇನ್ನೊಂದು. ಭಾವಚಿತ್ರಗಳಲ್ಲಿ ಹಾರಗಳಿವೆ, ಶಾಲುಗಳಿವೆ, ದೀಪ ಬೆಳಗುತ್ತಿರುವ ಮುಖ್ಯ ಅತಿಥಿಗಳಿದ್ದಾರೆ. ಆದರೆ ಆ ದೀಪ ಆರಿದ ಮೇಲೆ ಏನಾಯಿತೆಂಬುದು ಅವುಗಳಲ್ಲಿಲ್ಲ. ಅದು ಇರುವುದು, ಒಬ್ಬ ಕಾರ್ಯದರ್ಶಿಯ ದುಂಡಕ್ಷರದಿಂದ ಇನ್ನೊಬ್ಬನ ಅವಸರದ ಗೀಚಿಗೆ, ಅಲ್ಲಿಂದ ಮತ್ತೊಬ್ಬನ ಮೋಡಿಯಂಥ ಬರವಣಿಗೆಗೆ ದಾಟುತ್ತ ವಾರವಾರವೂ ಬೆಳೆದುಬಂದಿರುವ ಆ ಪುಸ್ತಕಗಳಲ್ಲಿ. ಆದುದರಿಂದ ಈ ಲೇಖನವನ್ನು ನಾನು ಅವುಗಳನ್ನು ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಸಂಸ್ಥೆಯ ಮೂಲವನ್ನು ಹೇಳಬೇಕಾದರೆ ನಮ್ಮ ತಾಲ್ಲೂಕನ್ನು ಬಿಟ್ಟು ಬಹುದೂರ ಹೋಗಬೇಕಾಗುತ್ತದೆ. ಅಮೆರಿಕದ ವರ್ಮಾಂಟ್ ಪ್ರಾಂತದ ವಾಲಿಂಗ್‌ಫರ್ಡ್ ಎಂಬ ಚಿಕ್ಕ ಊರಿನಲ್ಲಿ, ತಾತ ಅಜ್ಜಿಯರ ಆಶ್ರಯದಲ್ಲಿ ಬೆಳೆದ ಪಾಲ್ ಹ್ಯಾರಿಸ್ ಎಂಬ ತರುಣನು 1896ರಲ್ಲಿ ವಕೀಲಿ ವೃತ್ತಿಯನ್ನು ಅರಸಿ ಶಿಕಾಗೋ ಮಹಾನಗರಕ್ಕೆ ಬಂದನು. ಹಳ್ಳಿಯಲ್ಲಿ ಹಾದಿಯಲ್ಲಿ ಎದುರಾದವರೆಲ್ಲ ಹೆಸರು ಹಿಡಿದು ಮಾತನಾಡಿಸುತ್ತಿದ್ದ ಬಾಳನ್ನು ಕಂಡಿದ್ದ ಆತನಿಗೆ, ಲಕ್ಷೋಪಲಕ್ಷ ಜನರ ನಡುವೆ ಭಾನುವಾರದ ಹಗಲನ್ನು ಒಬ್ಬಂಟಿಯಾಗಿ ಕಳೆಯುವುದು ಸಹಿಸಲಾಗದ ಸಂಗತಿಯಾಗಿತ್ತು. 1900ರ ಒಂದು ಸಂಜೆ ಸಹೋದ್ಯೋಗಿಯೊಬ್ಬನ ಮನೆಯಲ್ಲಿ ಊಟ ಮುಗಿಸಿ ಅವನೊಡನೆ ಆ ಬಡಾವಣೆಯ ಬೀದಿಗಳಲ್ಲಿ ತಿರುಗಾಡುತ್ತಿದ್ದಾಗ, ಆ ಮಿತ್ರನು ಅಂಗಡಿಯಂಗಡಿಯ ಮುಂದೆ ನಿಂತು ವರ್ತಕರನ್ನೆಲ್ಲ ಹೆಸರಿಟ್ಟು ಕರೆದು ಪರಿಚಯ ಮಾಡಿಕೊಟ್ಟನಂತೆ. ಮಹಾನಗರದಲ್ಲಿಯೂ ಹಳ್ಳಿಯೊಂದನ್ನು ಕಟ್ಟಿಕೊಳ್ಳಬಹುದೆಂಬ ಆಲೋಚನೆ ಹ್ಯಾರಿಸನ ಮನಸ್ಸಿನಲ್ಲಿ ಮೊಳೆತದ್ದು ಆಗ. ಓದಿಗಾಗಿಯೋ ಉದ್ಯೋಗಕ್ಕಾಗಿಯೋ ನಮ್ಮ ಊರುಗಳನ್ನು ಬಿಟ್ಟು ಬೆಂಗಳೂರಿನ ಒಂದು ಕೋಣೆಯಲ್ಲಿ ಮೊದಲ ವರ್ಷವನ್ನು ಕಳೆದವರು ಯಾರೇ ಆಗಲಿ, ಆ ವಕೀಲನ ಅಂತರಂಗವನ್ನು ವ್ಯಾಖ್ಯಾನದ ನೆರವಿಲ್ಲದೆ ಅರಿತುಕೊಳ್ಳಬಲ್ಲರು.

ಆ ಮೊಳಕೆ ಸಸಿಯಾಗಲು ಐದು ವರ್ಷ ಹಿಡಿಯಿತು. 1905ರ ಫೆಬ್ರವರಿ 23ರಂದು ಗಣಿ ಎಂಜಿನಿಯರ್ ಗಸ್ಟೇವಸ್ ಲೋರ್ ಎಂಬಾತನ ಕಚೇರಿಯಲ್ಲಿ, ಯೂನಿಟಿ ಕಟ್ಟಡದ 711ನೆಯ ಕೋಣೆಯಲ್ಲಿ, ಹ್ಯಾರಿಸ್, ಲೋರ್, ಕಲ್ಲಿದ್ದಲಿನ ವ್ಯಾಪಾರಿ ಸಿಲ್ವೆಸ್ಟರ್ ಶೀಲ್, ಉಡುಪು ಹೊಲಿಸುವ ವ್ಯವಹಾರದ ಹೈರಮ್ ಶೋರಿ, ಈ ನಾಲ್ವರು ಸೇರಿದರು. ಈ ವಾರ ಒಬ್ಬನ ಕಚೇರಿಯಲ್ಲಿ, ಮುಂದಿನ ಸಲ ಇನ್ನೊಬ್ಬನ ಕಚೇರಿಯಲ್ಲಿ, ಹೀಗೆ ಸರದಿಯ ಮೇಲೆ ತಿರುಗುತ್ತಿದ್ದ ಸಭೆಯಾದುದರಿಂದ ಅದಕ್ಕೆ ರೋಟರಿ ಎಂಬ ಹೆಸರು ಬಂದಿತು. ಒಂದೊಂದು ವೃತ್ತಿಯಿಂದ ಒಬ್ಬೊಬ್ಬನೇ ಸದಸ್ಯನಾಗಿರಬೇಕೆಂಬುದು ಅಂದಿನ ನಿಯಮ. ಅದರ ಫಲವಾಗಿ ಮುದ್ರಕನ ಪಕ್ಕದಲ್ಲಿ ವೈದ್ಯನೂ ವೈದ್ಯನ ಪಕ್ಕದಲ್ಲಿ ಮರದ ವ್ಯಾಪಾರಿಯೂ ಕುಳಿತು, ತಮ್ಮ ತಮ್ಮ ಕಸುಬಿನ ಆಚೆಗಣ ಲೋಕವನ್ನು ಒಬ್ಬರಿಂದೊಬ್ಬರು ಕಲಿಯುವಂತಾಯಿತು.

ಈ ಮೊದಲ ದಿನಗಳಲ್ಲಿ ಸೇವೆ ಎಂಬ ಮಾತೇ ಇರಲಿಲ್ಲವೆಂಬುದನ್ನು ನಾವು ಮರೆಯಲಾಗದು. ಸ್ನೇಹ, ಮತ್ತು ಸದಸ್ಯರು ಪರಸ್ಪರರ ಅಂಗಡಿಗಳಿಗೆ ಹೋಗಿ ವ್ಯಾಪಾರ ಮಾಡುವುದು, ಇವೆರಡೇ ಉದ್ದೇಶಗಳು. 1906ರಲ್ಲಿ ಡೊನಾಲ್ಡ್ ಕಾರ್ಟರ್ ಎಂಬ ವಕೀಲನನ್ನು ಸದಸ್ಯನಾಗೆಂದು ಕೇಳಿದಾಗ, ತನ್ನ ಸದಸ್ಯರ ಹೊರತು ಬೇರೆ ಯಾರಿಗೂ ಉಪಕಾರವಾಗದ ಸಂಘಕ್ಕೆ ಭವಿಷ್ಯವಿಲ್ಲವೆಂದು ಆತನು ನಿರಾಕರಿಸಿದನು. ಸಂಘದವರು ಆ ಟೀಕೆಗೆ ಮುನಿಯದೆ, ಒಳಗೆ ಬಂದು ಆ ಕೊರತೆಯನ್ನು ನೀನೇ ತುಂಬು ಎಂದು ಅವನನ್ನು ಒಲಿಸಿಕೊಂಡರು. ಮರುವರ್ಷವೇ ಆ ಸಂಘವು ಶಿಕಾಗೋ ನಗರದ ಮಧ್ಯದಲ್ಲಿ ಸಾರ್ವಜನಿಕರಿಗೊಂದು ಶೌಚಾಲಯವಾಗಬೇಕೆಂಬ ಪ್ರಯತ್ನವನ್ನು ಕೈಗೊಂಡಿತು. ಇಂದು ಭೂಮಂಡಲದ ಉದ್ದಗಲಕ್ಕೂ ಹಬ್ಬಿರುವ ಈ ಸಂಸ್ಥೆಯ ಮೊಟ್ಟಮೊದಲ ಸೇವಾಕಾರ್ಯ ಒಂದು ಶೌಚಾಲಯ! ನಮ್ಮ ಸರಕಾರಿ ಬಾಲಿಕಾ ಪ್ರೌಢಶಾಲೆಗೆ ನಾವು ಶೌಚಾಲಯ ಕಟ್ಟಿಸಿಕೊಟ್ಟ ವರ್ಷ, ಇದಕ್ಕಿಂತ ಗೌರವದ ಕಾರ್ಯವೊಂದು ದೊರೆಯಲಿಲ್ಲವೆ ಎಂದು ಕೊರಗಿದ ಗೆಳೆಯರಿಗೆ ಈ ಸಂಗತಿಯನ್ನು ಅಂದೇ ಹೇಳಬೇಕಾಗಿತ್ತು. ಹೇಳಲು ನನಗೆ ಅಂದು ತಿಳಿದಿರಲಿಲ್ಲ. ಆ ಶೌಚಾಲಯ ಬಂದ ಮೇಲೆ ಹಾಜರಿ ತಪ್ಪಿಸುವ ಹೆಣ್ಣುಮಕ್ಕಳು ಕಡಿಮೆಯಾದರೆಂದು ಮುಖ್ಯೋಪಾಧ್ಯಾಯಿನಿಯವರು ಬರೆದ ಪತ್ರವನ್ನು ಅಂದಿನ ಕಾರ್ಯದರ್ಶಿ ನಡವಳಿಗೆ ಅಂಟಿಸಿಟ್ಟಿದ್ದಾರೆ. ನನ್ನ ಎಣಿಕೆಯಲ್ಲಿ ಗೋಡೆಯ ಮೇಲಿನ ಯಾವ ಭಾವಚಿತ್ರವೂ ಆ ಪತ್ರಕ್ಕೆ ಸಮನಲ್ಲ.

ಭಾರತಕ್ಕೆ ರೋಟರಿ ಬಂದದ್ದು ಕಲ್ಕತ್ತೆಯ ಮೂಲಕ, ಮೊದಲನೆಯ ಮಹಾಯುದ್ಧ ಮುಗಿದ ಮರುವರ್ಷದಲ್ಲಿ. ಮುಂಬಯಿಯಲ್ಲಿಯೂ ಮದರಾಸಿನಲ್ಲಿಯೂ 1929ರಲ್ಲಿ ಸಂಸ್ಥೆಗಳಾದುವು; ಮೈಸೂರು ಸೀಮೆಯಲ್ಲಿ ಬೆಂಗಳೂರಿನ ಸಂಸ್ಥೆ 1934ರಲ್ಲಿ ಜನ್ಮ ತಳೆಯಿತು. ಆರಂಭದಲ್ಲಿ ಆಳುವ ಜನರ ಮೇಜಿನ ಸುತ್ತಣ ಕೂಟವಾಗಿದ್ದುದು ಮೂರು ನಾಲ್ಕು ದಶಕಗಳಲ್ಲಿ ತಾಲ್ಲೂಕು ಕೇಂದ್ರಗಳ ವರ್ತಕರು, ವೈದ್ಯರು, ಉಪಾಧ್ಯಾಯರು, ಅಡಿಕೆ ತೋಟದವರು, ಅಕ್ಕಿ ಗಿರಣಿಯವರು ಕನ್ನಡದಲ್ಲಿ ನಡೆಸುವ ಸಭೆಯಾಗಿ ಮಾರ್ಪಟ್ಟಿತು. ಕಲ್ಕತ್ತೆಯ ನಿತೀಶ್ ಲಾಹಿರಿಯವರು 1962-63ರಲ್ಲಿ ರೋಟರಿಯ ವಿಶ್ವಸಂಸ್ಥೆಯ ಅಧ್ಯಕ್ಷಪದವಿಯನ್ನು ಅಲಂಕರಿಸಿದರು. ಆ ಸ್ಥಾನಕ್ಕೇರಿದ ಮೊದಲ ಭಾರತೀಯರು ಅವರು. ಅವರ ಅನಂತರ ಚಂಡೀಗಢದ ರಾಜೇಂದ್ರ ಸಾಬೂ, ವಾಪಿಯ ಕಲ್ಯಾಣ್ ಬ್ಯಾನರ್ಜಿ, ಕಲ್ಕತ್ತೆಯವರೇ ಆದ ಶೇಖರ್ ಮೆಹತಾ ಅದೇ ಪೀಠದಲ್ಲಿ ಕುಳಿತರು. ಇಂದು ಕರ್ನಾಟಕವು ರೋಟರಿಯ ಹಲವು ಜಿಲ್ಲೆಗಳಲ್ಲಿ ಹಂಚಿಹೋಗಿದೆ. ಅವುಗಳ ಎಲ್ಲೆಗಳು ಸರಕಾರದ ಎಲ್ಲೆಗಳಲ್ಲ: ಬೆಳಗಾವಿಯ ಸದಸ್ಯನು ಗೋವೆಯವನೊಡನೆ, ಬಳ್ಳಾರಿಯವನು ಅನಂತಪುರದವನೊಡನೆ ಒಂದೇ ಜಿಲ್ಲೆಯವನಾಗಿರುತ್ತಾನೆ. ಭಾಷೆಯ ಗಡಿಗಳ ವಿಷಯದಲ್ಲಿ ನಾವು ಎಷ್ಟೊಂದು ಕಹಿಯನ್ನು ಉಂಡಿದ್ದೇವೆಂಬುದನ್ನು ನೆನೆದಾಗ, ಈ ಏರ್ಪಾಡು ನನಗೆ ಅಕ್ಕರೆಯದಾಗಿ ತೋರುತ್ತದೆ.

ಇನ್ನು ನಮ್ಮ ಸಭೆಯ ವಿಚಾರ. ಮಂಗಳವಾರ ಸಂಜೆ ಏಳು ಗಂಟೆಗೆ ಅಧ್ಯಕ್ಷರು ಕಂಚಿನ ಗಂಟೆಯನ್ನು ಬಾರಿಸುತ್ತಾರೆ, ಪ್ರಾರ್ಥನೆಯಾಗುತ್ತದೆ, ಹಿಂದಿನ ಸಭೆಯ ನಡವಳಿಯನ್ನು ಕಾರ್ಯದರ್ಶಿ ಓದುತ್ತಾರೆ, ಆ ವಾರ ಹುಟ್ಟಿದ ಹಬ್ಬವೋ ವಿವಾಹದ ವಾರ್ಷಿಕವೋ ಇರುವವರಿಗೆ ಒಂದೊಂದು ಹೂವು ಸಲ್ಲುತ್ತದೆ, ಅತಿಥಿ ಉಪನ್ಯಾಸವಾಗುತ್ತದೆ, ವಂದನಾರ್ಪಣೆ, ರಾಷ್ಟ್ರಗೀತೆ, ಮತ್ತೆ ಗಂಟೆ. ಒಬ್ಬ ಸದಸ್ಯ ಎದ್ದು ನಿಂತು ಚತುರ್ವಿಧ ಪರೀಕ್ಷೆಯನ್ನು ಓದುವ ಪದ್ಧತಿಯೂ ಉಂಟು. ಆಡುವ ಮಾತು, ಮಾಡುವ ಕೆಲಸ ಸತ್ಯವೆ, ಸಂಬಂಧಪಟ್ಟವರಿಗೆಲ್ಲ ನ್ಯಾಯವೆ, ಸೌಹಾರ್ದವನ್ನು ಬೆಳೆಸುವುದೆ, ಎಲ್ಲರಿಗೂ ಹಿತವೆ ಎಂದು ತನ್ನನ್ನೇ ಕೇಳಿಕೊಳ್ಳುವ ಈ ಪರೀಕ್ಷೆಯನ್ನು ಬರೆದವನು ಧರ್ಮೋಪದೇಶಕನಲ್ಲ, ವ್ಯಾಪಾರಿ. 1932ರಲ್ಲಿ, ಆರ್ಥಿಕ ಮಹಾಕುಸಿತದ ಕಾಲದಲ್ಲಿ, ದಿವಾಳಿಯ ಅಂಚಿನಲ್ಲಿದ್ದ ಅಲ್ಯುಮಿನಿಯಮ್ ಪಾತ್ರೆಗಳ ಸಂಸ್ಥೆಯೊಂದರ ಹೊಣೆಯನ್ನು ಹೊತ್ತ ಹರ್ಬರ್ಟ್ ಟೇಲರ್, ತನ್ನ ನೌಕರರಿಗೆ ದಾರಿತೋರುಗವಾಗಲೆಂದು ಅದನ್ನು ಒಂದು ಚೂರು ಕಾಗದದ ಮೇಲೆ ಬರೆದನು. ರೋಟರಿ ಅದನ್ನು ತನ್ನದಾಗಿಸಿಕೊಂಡದ್ದು 1943ರಲ್ಲಿ. ಸುಭಿಕ್ಷದ ದಿನಗಳಲ್ಲಿ ಸತ್ಯವನ್ನು ನುಡಿಯುವುದು ಸುಲಭ. ಅಂಗಡಿ ಮುಚ್ಚುವ ಸ್ಥಿತಿಯಲ್ಲಿ ಅದನ್ನು ಬಂಡವಾಳವಾಗಿ ನಂಬಿದವನ ಮಾತಾದುದರಿಂದ ಅದಕ್ಕೆ ತೂಕವಿದೆ.

ನಮ್ಮ ಸಭೆಗಳಲ್ಲಿ ನಡೆದ ಉಪನ್ಯಾಸಗಳ ವರದಿಯನ್ನು ಓದುತ್ತ ಓದುತ್ತ ನನಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಅಂಚೆ ಉಳಿತಾಯ, ಹಾವಿನ ಕಡಿತಕ್ಕೆ ಚಿಕಿತ್ಸೆ, ಯಕ್ಷಗಾನದ ಚಂಡೆ, ಕೆಳದಿಯ ಅರಸರು, ರಕ್ತದೊತ್ತಡ, ಹೀಗೆ ಏನೆಲ್ಲ ಬಂದುಹೋಗಿವೆ! ಒಂದು ಜೂನ್ ತಿಂಗಳ ಪುಟದಲ್ಲಿ ಅಡಿಕೆಯ ಕೊಳೆರೋಗವನ್ನು ಕುರಿತ ಉಪನ್ಯಾಸವಿದೆ. ಮೈಸೂರು ಸಂಸ್ಥಾನದ ಸೇವೆಗೆ 1908ರಲ್ಲಿ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರು ಆ ರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ನಮ್ಮ ತೋಟಗಳಿಗೆ ಪರಿಚಯಿಸಿದ ಕಥೆಯನ್ನು ಭಾಷಣಕಾರರು ಹೇಳಿದರೆಂದು ಬರೆದ ಕಾರ್ಯದರ್ಶಿ ಅಲ್ಲಿಗೇ ನಿಲ್ಲಿಸಲಿಲ್ಲ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಅಳತೆಯನ್ನೂ, ಎರಡನ್ನೂ ಬೇರೆ ಬೇರೆ ಕಲಸಿಟ್ಟುಕೊಂಡು ಆಮೇಲೆ ಕೂಡಿಸಬೇಕೆಂಬ ಕ್ರಮವನ್ನೂ, ದ್ರಾವಣದಲ್ಲಿ ಅದ್ದಿದ ಕಬ್ಬಿಣದ ಚಾಕುವಿನ ಮೇಲೆ ತಾಮ್ರದ ಬಣ್ಣ ಕಂಡರೆ ಇನ್ನೂ ಸುಣ್ಣ ಬೇಕೆಂದು ತಿಳಿಯಬೇಕೆಂಬುದನ್ನೂ ಅಚ್ಚುಕಟ್ಟಾಗಿ ದಾಖಲಿಸಿದ್ದಾರೆ. ಆ ಪುಟದ ಅಂಚಿನಲ್ಲಿ ಬೇರೆ ಬೇರೆ ಕೈಗಳ ಪೆನ್ಸಿಲ್ ಗುರುತುಗಳಿವೆ. ಮಳೆ ಹಿಡಿಯುವುದಕ್ಕೆ ಮೊದಲು ಅನೇಕರು ಅದನ್ನು ತೆರೆದು ನೋಡಿಕೊಂಡಿದ್ದಾರೆ ಎಂದಲ್ಲದೆ ಇದಕ್ಕೆ ಬೇರೆ ಅರ್ಥವಿರಲಾರದು. ನಡವಳಿಯನ್ನು ಬರೆಯುವುದು ಹೇಗೆಂದು ಕೇಳುವ ತರುಣ ಕಾರ್ಯದರ್ಶಿಗಳಿಗೆ ನಾನು ಈ ಪುಟವನ್ನೇ ತೋರಿಸುತ್ತೇನೆ.

ಸೇವಾಕಾರ್ಯಗಳಲ್ಲಿ ನೇತ್ರಶಿಬಿರಗಳ ಹೆಸರು ಮೊದಲು ಬರುತ್ತದೆ. ಆ ಕಾರ್ಯಕ್ಕೆ ಕನ್ನಡನಾಡಿನಲ್ಲಿ ದಾರಿ ಹಾಕಿದವರು ಡಾ. ಎಂ. ಸಿ. ಮೋದಿಯವರು, 1943ರಿಂದ ಹಳ್ಳಿಹಳ್ಳಿಗೆ ಹೋಗಿ, ಶಾಲೆ ಛತ್ರಗಳನ್ನೇ ಆಸ್ಪತ್ರೆಯಾಗಿಸಿ, ಒಂದು ದಿನದಲ್ಲಿ 833 ಪೊರೆಯ ಶಸ್ತ್ರಚಿಕಿತ್ಸೆಗಳನ್ನು ನಡೆಸಿದ ಕೀರ್ತಿಯನ್ನೂ ಪಡೆದ ಆ ಮಹನೀಯರ ಮಾದರಿಯೇ ಊರೂರಿನ ಸೇವಾಸಂಸ್ಥೆಗಳಿಗೆ ಧೈರ್ಯ ಕೊಟ್ಟಿತು. ವೈದ್ಯರದು ಶಸ್ತ್ರಕೌಶಲ, ಆದರೆ ಅದರ ಹಿಂದೆ ಹಾಸಿಗೆ, ಕಂಬಳಿ, ಗಂಜಿ, ಸೀಮೆಎಣ್ಣೆಯ ದೀಪ, ಮುದುಕರನ್ನು ಕೈಹಿಡಿದು ಬಚ್ಚಲಿಗೆ ಕರೆದೊಯ್ಯುವ ಜನ, ಇವೆಲ್ಲ ಬೇಕು. ನಮ್ಮ ಮೊದಲ ಪುಸ್ತಕದಲ್ಲಿ ಶಿಬಿರಕ್ಕೆ ಯಾರ ಮನೆಯಿಂದ ಎಷ್ಟು ಕಂಬಳಿ ಬಂದುವು, ಯಾರಿಗೆ ಹಿಂತಿರುಗಿಸಲಾಯಿತು ಎಂಬ ಪಟ್ಟಿ ಎರಡು ಪುಟ ತುಂಬಿದೆ. ಇತಿಹಾಸವೆಂದರೆ ಇದೇ ಎಂದು ನಾನು ನಂಬಿದ್ದೇನೆ.

ಪೋಲಿಯೊ ನಿರ್ಮೂಲನದ ಅಧ್ಯಾಯವನ್ನು ತುಸು ವಿಸ್ತಾರವಾಗಿಯೇ ಹೇಳಬೇಕು. ಏಕೆಂದರೆ ನಮ್ಮಂಥ ಸಣ್ಣ ಊರಿನ ಸಂಸ್ಥೆಯು ಒಂದು ಜಾಗತಿಕ ಮಹಾಕಾರ್ಯದ ಎಳೆಯಾಗಿ ನಿಂತದ್ದು ಅದರಲ್ಲಿ. ಫಿಲಿಪೀನ್ಸ್ ದೇಶದ ಮಕ್ಕಳಿಗೆ 1979ರಲ್ಲಿ ಲಸಿಕೆ ಹಾಕಿಸುವ ಮೂಲಕ ರೋಟರಿ ಈ ಹೋರಾಟಕ್ಕೆ ಇಳಿಯಿತು. 1985ರಲ್ಲಿ ಪೋಲಿಯೊಪ್ಲಸ್ ಎಂಬ ವಿಶ್ವವ್ಯಾಪಿ ಯೋಜನೆಯನ್ನು ಸಾರಿತು. 1988ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯೂನಿಸೆಫ್ ಮೊದಲಾದವು ಅದರೊಡನೆ ಕೈಜೋಡಿಸಿದುವು. ಆಗ ಆ ರೋಗವು 125 ದೇಶಗಳಲ್ಲಿ ನೆಲೆಸಿ, ವರ್ಷಕ್ಕೆ ಮೂರೂವರೆ ಲಕ್ಷದಷ್ಟು ಮಕ್ಕಳನ್ನು ಹೆಳವರನ್ನಾಗಿಸುತ್ತಿತ್ತು. ನಮ್ಮ ದೇಶದಾದ್ಯಂತ ಪಲ್ಸ್ ಪೋಲಿಯೊ ಲಸಿಕೆ ಆರಂಭವಾದದ್ದು 1995ರ ಡಿಸೆಂಬರಿನಲ್ಲಿ. ಭಾನುವಾರ ಬೆಳಗಿನ ಜಾವಕ್ಕೆ ಎದ್ದು ಆಸ್ಪತ್ರೆಯಿಂದ ಮಂಜಿನ ಪೆಟ್ಟಿಗೆಗಳನ್ನು ಹೊತ್ತು ತಂದು, ಬಸ್ ನಿಲ್ದಾಣದಲ್ಲಿಯೂ ಸಂತೆಯ ಬಯಲಿನಲ್ಲಿಯೂ ಮೇಜು ಹಾಕಿ, ಹಳದಿ ಬಟ್ಟೆಯ ಫಲಕ ಕಟ್ಟಿ, ಕಂಕುಳಲ್ಲಿ ಕೂಸನ್ನೆತ್ತಿಕೊಂಡು ಬಂದ ತಾಯಂದಿರಿಗೆ ಸಾಲು ಮಾಡಿಕೊಟ್ಟು, ಎರಡು ಹನಿ ಬಾಯಿಗೆ ಬಿದ್ದ ಮೇಲೆ ಮಗುವಿನ ಎಡಗೈಯ ಕಿರುಬೆರಳಿಗೆ ಶಾಯಿಯ ಗುರುತು ಹಾಕುವುದು, ಇಷ್ಟೇ ನಮ್ಮ ಕೆಲಸ. ಲಸಿಕೆ ಹಾಕಿದವರು ಅಂಗನವಾಡಿಯ ಕಾರ್ಯಕರ್ತೆಯರು, ಆರೋಗ್ಯ ಇಲಾಖೆಯ ದಾದಿಯರು. ನಾವು ಅವರಿಗೆ ವಾಹನವನ್ನೂ ಊಟವನ್ನೂ ಒದಗಿಸಿದೆವು, ಮನೆಮನೆಗೆ ಅವರ ಹಿಂದೆ ನಡೆದೆವು. ಕೀರ್ತಿಯಲ್ಲಿ ದೊಡ್ಡ ಪಾಲು ಅವರದೆಂಬುದನ್ನು ಈ ಸಂಚಿಕೆಯಲ್ಲಿ ಬರೆದಿಡುವುದು ನನ್ನ ಕರ್ತವ್ಯ.

ಅದು ಒಂದು ವರ್ಷದಲ್ಲಿ ಮುಗಿಯುವ ಕೆಲಸವಾಗಿರಲಿಲ್ಲ. ಪ್ರತಿ ವರ್ಷವೂ ಅದೇ ಮೇಜು, ಅದೇ ಫಲಕ, ಅದೇ ಶಾಯಿ. ಕೆಲವು ಗೆಳೆಯರಿಗೆ ಬೇಸರ ಬಂದಿತು. ನಮ್ಮ ತಾಲ್ಲೂಕಿನಲ್ಲಿ ರೋಗವೇ ಇಲ್ಲದಿರುವಾಗ ಈ ಶ್ರಮವೇಕೆ ಎಂದು ಸಭೆಯಲ್ಲಿ ಚರ್ಚೆಯೂ ಆಗಿದೆ. ದೇಶದಲ್ಲಿ 2009ರಲ್ಲಿ 741 ಮಕ್ಕಳಿಗೆ ತಗುಲಿದ್ದ ರೋಗವು ಮರುವರ್ಷ 42ಕ್ಕೆ ಇಳಿಯಿತು. 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಒಂದು ಹೆಣ್ಣುಮಗುವೇ ಕಡೆಯ ರೋಗಿ. 2014ರ ಮಾರ್ಚ್ 27ರಂದು ಭಾರತವನ್ನೊಳಗೊಂಡ ಆಗ್ನೇಯ ಏಷ್ಯಾ ವಲಯವು ಪೋಲಿಯೊಮುಕ್ತವೆಂದು ಘೋಷಿತವಾಯಿತು. ಆ ವಾರದ ನಡವಳಿಯಲ್ಲಿ ಇದನ್ನು ಕುರಿತು ಒಂದೇ ಒಂದು ಸಾಲಿದೆ, ಅದರ ಕೆಳಗೆ ಹಾಜರಿದ್ದವರೆಲ್ಲರ ಸಹಿಯಿದೆ. ನಮ್ಮ ಐವತ್ತು ವರ್ಷಗಳಲ್ಲಿ ಎಲ್ಲರೂ ಸಹಿ ಹಾಕಿರುವ ಪುಟ ಅದೊಂದೇ.

ತರುಣರ ವಿಭಾಗಗಳಿಗೆ ಬರುತ್ತೇನೆ. ಪ್ರೌಢಶಾಲೆಯ ಮಕ್ಕಳ ಇಂಟರ‍್ಯಾಕ್ಟ್ ಸಂಘವು ಮೊದಲು ಹುಟ್ಟಿದ್ದು 1962ರ ನವೆಂಬರಿನಲ್ಲಿ, ಅಮೆರಿಕದ ಫ್ಲಾರಿಡಾ ಪ್ರಾಂತದ ಮೆಲ್ಬರ್ನ್ ಎಂಬ ಊರಿನ ಶಾಲೆಯಲ್ಲಿ. ನಮ್ಮ ಲಾಹಿರಿಯವರು ಅಧ್ಯಕ್ಷರಾಗಿದ್ದ ವರ್ಷವೇ ಅದು ಎಂಬುದು ಭಾರತೀಯರಾದ ನಮಗೆ ಸಂತೋಷದ ಸಂಗತಿ. ಕಾಲೇಜಿನ ವಯಸ್ಸಿನವರ ರೋಟರ‍್ಯಾಕ್ಟ್ 1968ರಲ್ಲಿ ಬಂದಿತು. ನಾಯಕತ್ವದ ಶಿಬಿರಗಳ ಮೂಲ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್. ಆ ಪ್ರಾಂತದ ಶತಮಾನೋತ್ಸವದ ಅಂಗವಾಗಿ 1959ರಲ್ಲಿ ನಡೆದ ತರುಣರ ಕೂಟವೊಂದು ಬೆಳೆದು, 1971ರಲ್ಲಿ ವಿಶ್ವಸಂಸ್ಥೆಯ ಅಂಗೀಕಾರವನ್ನು ಪಡೆದು, ಇಂದು ರೈಲಾ ಎಂಬ ಹೆಸರಿನಿಂದ ನಮ್ಮ ಮಕ್ಕಳ ಬಾಯಲ್ಲಿ ನಲಿಯುತ್ತಿದೆ. ನಮ್ಮಲ್ಲಿ ಈ ಶಿಬಿರವು ದಸರೆಯ ರಜೆಯಲ್ಲಿ ಮೂರು ದಿನ ನಡೆಯುತ್ತದೆ. ಮನೆಯಲ್ಲಿ ತಟ್ಟೆಯೆತ್ತದ ಹುಡುಗನು ಅಲ್ಲಿ ಐವತ್ತು ಜನಕ್ಕೆ ಬಡಿಸುತ್ತಾನೆ. ತರಗತಿಯಲ್ಲಿ ಬಾಯಿ ತೆರೆಯದ ಹುಡುಗಿ ಮೂರನೆಯ ಸಂಜೆ ಎದ್ದು ನಿಂತು ತನ್ನ ಊರಿನ ಕೆರೆಯ ವಿಷಯ ಮಾತನಾಡುತ್ತಾಳೆ. ರೋಟರ‍್ಯಾಕ್ಟಿನ ತರುಣರು ರಕ್ತದ ಗುಂಪುಗಳ ಪಟ್ಟಿಯೊಂದನ್ನು ಇಟ್ಟುಕೊಂಡಿದ್ದಾರೆ. ನಡುರಾತ್ರಿಯಲ್ಲಿ ಹೆರಿಗೆಯ ಕೋಣೆಯಿಂದ ಕರೆ ಬಂದರೂ ಅವರಲ್ಲೊಬ್ಬನು ಬೈಸಿಕಲ್ಲಿನಲ್ಲೋ ಮೋಟಾರು ಬೈಕಿನಲ್ಲೋ ಹೊರಟೇ ಹೊರಡುತ್ತಾನೆ.

ಆದರೆ ಈ ಲೇಖನದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇತ್ತೀಚಿನ ಒಂದು ಸಭೆಯ ವಿಚಾರ. ರೋಟರಿಯ ವರ್ಷ ಆರಂಭವಾಗುವುದು ಜುಲೈ ಒಂದರಂದು. ಅಂದು ಹೊಸ ಅಧ್ಯಕ್ಷರ ಪದಗ್ರಹಣ. ಕನ್ಹಯ್ಯಾಲಾಲ್ ಮುನ್ಷಿಯವರು 1950ರಲ್ಲಿ ಆರಂಭಿಸಿದ ವನಮಹೋತ್ಸವವೂ ಜುಲೈ ಮೊದಲ ವಾರದಲ್ಲಿಯೇ ಬರುತ್ತದೆ. ಹೀಗಾಗಿ ಪ್ರತಿಯೊಬ್ಬ ಅಧ್ಯಕ್ಷರೂ ತಮ್ಮ ಅವಧಿಯನ್ನು ಗಿಡ ನೆಡುವುದರಿಂದಲೇ ಆರಂಭಿಸಿದ್ದಾರೆ, ಮತ್ತು ಪ್ರತಿಯೊಬ್ಬ ಕಾರ್ಯದರ್ಶಿಯೂ ಎಲ್ಲಿ, ಯಾವ ಜಾತಿಯ, ಎಷ್ಟು ಸಸಿ ಎಂದು ಬರೆದಿಟ್ಟಿದ್ದಾರೆ. ನಮ್ಮ ಪ್ರೌಢಶಾಲೆಯ ಇಂಟರ‍್ಯಾಕ್ಟ್ ಮಕ್ಕಳು ಕಳೆದ ಬೇಸಗೆಯಲ್ಲಿ ಆ ಪುಸ್ತಕಗಳನ್ನು ಕೇಳಿ ಪಡೆದು, ಪಟ್ಟಿ ಮಾಡಿಕೊಂಡು, ಒಂದೊಂದು ಜಾಗಕ್ಕೂ ನಡೆದುಹೋಗಿ, ಯಾವುದು ಬದುಕಿದೆ ಯಾವುದು ಇಲ್ಲವೆಂದು ನೋಡಿಬಂದರು. ಅವರ ವರದಿಯನ್ನು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮಂಗಳವಾರದ ಸಭೆಯಲ್ಲಿ ಓದಿದಳು. ಉಳಿದಿದ್ದುವು ಕೆಲವೇ. ಆಸ್ಪತ್ರೆಯ ಹಿಂದಣ ಹೊಂಗೆಗಳು, ಶಾಲೆಯ ಆವರಣದ ಎರಡು ನೇರಳೆ, ಸ್ಮಶಾನದ ದಾರಿಯ ಒಂದಷ್ಟು ಮತ್ತಿ. ಅವೂ ಉಳಿದದ್ದು ಹತ್ತಿರದ ಮನೆಯವರೋ ಶಾಲೆಯ ಜವಾನರೋ ಬೇಸಗೆಯಲ್ಲಿ ನೀರು ಹೊತ್ತು ಹಾಕಿದುದರಿಂದ. ಮಾಜಿ ಅಧ್ಯಕ್ಷರು ಅನೇಕರು ಅಲ್ಲಿ ಕುಳಿತಿದ್ದೆವು. ಆ ಹುಡುಗಿ ಯಾರನ್ನೂ ದೂರಲಿಲ್ಲ. ವರ್ಷ, ಜಾಗ, ಸಂಖ್ಯೆ, ಇವನ್ನಷ್ಟೇ ಓದಿದಳು. ನನ್ನ ಅವಧಿಯ ವರ್ಷ ಬಂದಾಗ ನಾನು ತಲೆ ತಗ್ಗಿಸಿದೆನೆಂಬುದನ್ನು ಇಲ್ಲಿ ಬರೆಯದೆ ಇರಲಾರೆ.

ವರ್ಷಕ್ಕೊಬ್ಬ ಅಧ್ಯಕ್ಷರಿರಬೇಕೆಂಬ ನಿಯಮ ಒಳ್ಳೆಯದು. ಅಧಿಕಾರ ಒಬ್ಬರಲ್ಲಿ ಬೇರು ಬಿಡದಿರಲು ಅದಕ್ಕಿಂತ ಮೇಲಾದ ಉಪಾಯವಿಲ್ಲ. ಆದರೆ ಗಿಡಕ್ಕೆ ಒಂದು ವರ್ಷ ಸಾಲದು. ಹೊಸಬರು ಹೊಸ ಗುಂಡಿ ತೋಡುವ ಉತ್ಸಾಹದಲ್ಲಿ ಹಳೆಯ ಸಸಿಗಳು ಒಣಗಿದುವು. ಅಂದಿನ ಸಭೆ ಒಂದು ನಿರ್ಣಯ ಮಾಡಿತು: ಇನ್ನು ಮುಂದೆ ನೆಡುವ ಪ್ರತಿಯೊಂದು ಸಸಿಗೂ ಮೂರು ವರ್ಷದ ಹೊಣೆ ಹೊತ್ತ ಒಬ್ಬರ ಹೆಸರನ್ನು ನಡವಳಿಯಲ್ಲಿ ನಮೂದಿಸತಕ್ಕದ್ದು, ಹೆಸರು ಸಿಗದಿದ್ದರೆ ಸಸಿ ನೆಡತಕ್ಕದ್ದಲ್ಲ, ವರ್ಷಕ್ಕೊಮ್ಮೆ ಇಂಟರ‍್ಯಾಕ್ಟ್ ಮಕ್ಕಳು ತನಿಖೆ ನಡೆಸಿ ಸಭೆಗೆ ವರದಿ ಒಪ್ಪಿಸತಕ್ಕದ್ದು. ಕಿರಿಯರಿಗೆ ನಾಯಕತ್ವ ಕಲಿಸಲೆಂದು ನಾವು ಕಟ್ಟಿದ ಸಂಘವು ಹಿರಿಯರಿಗೆ ಲೆಕ್ಕ ಒಪ್ಪಿಸುವುದನ್ನು ಕಲಿಸಿತು. ಐವತ್ತು ವರ್ಷಗಳ ನಿರ್ಣಯಗಳಲ್ಲಿ ಇದಕ್ಕಿಂತ ಶ್ರೇಷ್ಠವಾದುದನ್ನು ನಾನು ಕಾಣೆ.

ಹೆಣ್ಣುಮಕ್ಕಳು ಸಂಸ್ಥೆಯೊಳಗೆ ಬಂದ ಬಗೆಯನ್ನೂ ಇಲ್ಲಿ ಸ್ಮರಿಸಬೇಕು. ಕ್ಯಾಲಿಫೋರ್ನಿಯದ ಡುವಾರ್ಟೆ ಎಂಬ ಊರಿನ ಸಂಸ್ಥೆ ಮೂವರು ಮಹಿಳೆಯರನ್ನು ಸೇರಿಸಿಕೊಂಡು 1978ರಲ್ಲಿ ತನ್ನ ಮಾನ್ಯತೆಯನ್ನೇ ಕಳೆದುಕೊಂಡಿತು. ವ್ಯಾಜ್ಯವು ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ 1987ರ ಮೇ 4ರಂದು ಡುವಾರ್ಟೆಯವರ ಪಕ್ಷವೇ ಗೆದ್ದಿತು. 1989ರಲ್ಲಿ ವಿಶ್ವಸಂಸ್ಥೆ ತನ್ನ ನಿಯಮವನ್ನು ತಿದ್ದಿಕೊಂಡಿತು. ಅಲ್ಲಿಂದ ಮೂವತ್ತಮೂರು ವರ್ಷಕ್ಕೆ ಕೆನಡಾ ದೇಶದ ಜೆನಿಫರ್ ಜೋನ್ಸ್ ಅಧ್ಯಕ್ಷೆಯಾದರು. ಅಷ್ಟು ತಡವಾಗಬಾರದಿತ್ತು. ನಮ್ಮ ಸಂಸ್ಥೆಯಲ್ಲಿ ಮೊದಲ ಮಹಿಳಾ ಸದಸ್ಯೆ ಹಾಜರಾದ ದಿನದ ನಡವಳಿಯಲ್ಲಿ ಆಕೆಯ ವೃತ್ತಿಯ ಹೆಸರನ್ನು ಮಾತ್ರ, ಉಳಿದೆಲ್ಲರದನ್ನು ಬರೆದಂತೆಯೇ, ಯಾವ ವಿಶೇಷಣವೂ ಇಲ್ಲದೆ ಬರೆದಿರುವುದನ್ನು ಕಂಡು ಅಂದಿನ ಕಾರ್ಯದರ್ಶಿಯ ವಿವೇಕವನ್ನು ಮೆಚ್ಚಿಕೊಂಡೆನು.

ವಾರವಾರವೂ ಸಭೆ ಸೇರಲೇಬೇಕೆಂಬ ಕಟ್ಟುಪಾಡನ್ನು ವಿಶ್ವಸಂಸ್ಥೆ 2016ರಲ್ಲಿ ಸಡಿಲಿಸಿತು; ತಿಂಗಳಿಗೆ ಎರಡು ಸಭೆಯಾದರೂ ಸಾಕು. ಕೊರೋನಾ ಕಾಲದಲ್ಲಿ ಗಂಟೆಯ ನಾದವನ್ನು ಮೊಬೈಲಿನ ಪರದೆಯಿಂದಲೇ ಕೇಳಿದೆವು. ಅದರಿಂದ ಸಂಸ್ಥೆ ಉಳಿಯಿತೆಂಬುದನ್ನು ಒಪ್ಪುತ್ತೇನೆ. ಆದರೆ ವಾರದ ಸಭೆಯನ್ನೇ ಶಾಶ್ವತವಾಗಿ ತೆಗೆದುಹಾಕೋಣವೆಂಬ ಸೂಚನೆ ಬಂದಾಗ ನಾನು ವಿರೋಧಿಸಿದೆನು, ಇಂದೂ ವಿರೋಧಿಸುತ್ತೇನೆ. ಕಂಬಳಿ ಕೊಟ್ಟವರು ಯಾರು? ಹಿಂದಿನ ವಾರ ಪಕ್ಕದಲ್ಲಿ ಕುಳಿತವನು ಬಾಯಿಬಿಟ್ಟು ಕೇಳಿದುದರಿಂದ ಕೊಟ್ಟವರು. ಭಾನುವಾರದ ಜಾವ ಮಂಜಿನ ಪೆಟ್ಟಿಗೆ ಹೊರಲು ಬಂದವರು, ಮಂಗಳವಾರ ಕೈಯೆತ್ತಿ ಬರುತ್ತೇನೆಂದು ಒಪ್ಪಿಕೊಂಡವರು. ಎದುರುಬದುರು ಕೂತು ಒಪ್ಪಿಕೊಂಡ ಮಾತನ್ನು ತಪ್ಪುವುದು ಕಷ್ಟ. ಹ್ಯಾರಿಸ್ ಆ ಚಳಿಗಾಲದ ಸಂಜೆ ಮೂವರನ್ನು ಕರೆದು ಕೂರಿಸಿದ್ದೂ ಮುಖ್ಯವಾಗಿ ಸ್ನೇಹಕ್ಕಾಗಿ. ಸೇವೆ ಆಮೇಲೆ ಆ ಸ್ನೇಹದಿಂದ ಮೂಡಿಬಂದಿತು. ಆ ಕ್ರಮವನ್ನು ತಿರುವುಮುರುವು ಮಾಡಲಾಗದು.

ಮುಂದಿನ ತಿಂಗಳುಗಳಲ್ಲಿ ಕೂಟಗಳು ಅನೇಕವಿವೆ. ಸುವರ್ಣೋತ್ಸವದ ಸಭೆ, ಜಿಲ್ಲಾ ಸಮ್ಮೇಳನ, ಜಿಲ್ಲಾ ಗವರ್ನರರ ಭೇಟಿ, ದಸರೆಯ ರಜೆಯ ರೈಲಾ ಶಿಬಿರ. ದೂರಪ್ರಯಾಣದ ಶಕ್ತಿಯುಳ್ಳವರಿಗೆ 2026ರ ಜೂನ್ 13ರಿಂದ 17ರ ವರೆಗೆ ತೈಪೆಯಲ್ಲಿ ವಿಶ್ವ ಸಮ್ಮೇಳನ. ಇವುಗಳಲ್ಲಿ ಯಾವುದಕ್ಕೆ ಬಿಡುವಿಲ್ಲದಿದ್ದರೂ, ಇಂಟರ‍್ಯಾಕ್ಟ್ ಮಕ್ಕಳು ಸಸಿಗಳ ಎರಡನೆಯ ವರದಿಯನ್ನು ಓದುವ ಸಂಜೆ ಮಾತ್ರ ಸದಸ್ಯರೆಲ್ಲ ಬಂದು ಕುಳಿತುಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ.

ಇನ್ನೊಂದು ವಿಜ್ಞಾಪನೆ ಉಳಿದಿದೆ. ನಮ್ಮ ನಡವಳಿ ಪುಸ್ತಕಗಳ ಸಾಲಿನಲ್ಲಿ ಎರಡು ಕಾಣೆಯಾಗಿವೆ. ಯಾರೋ ಹಳೆಯ ಕಾರ್ಯದರ್ಶಿಗಳು ಬರೆದು ಮುಗಿಸಲೆಂದು ಮನೆಗೆ ಒಯ್ದು, ಆಮೇಲೆ ವರ್ಗವೋ ಕಾಯಿಲೆಯೋ ಅಡ್ಡ ಬಂದು, ಹಿಂತಿರುಗಿಸುವುದು ಮರೆತಿರಬೇಕು. ಅವು ಇಂದು ಯಾರದೋ ಮನೆಯ ಅಟ್ಟದ ಮೇಲೆ ಹಳೆಯ ಪಂಚಾಂಗಗಳ ಜತೆಯಲ್ಲಿರಬಹುದು. ಈ ಸಾಲುಗಳನ್ನು ಓದುತ್ತಿರುವ ಕುಟುಂಬದವರು ದಯವಿಟ್ಟು ಒಮ್ಮೆ ಹುಡುಕಿ ನೋಡಬೇಕು. ಹೊದಿಕೆ ಕೆಂಪು, ಬೆನ್ನಿಗೆ ಕಪ್ಪು ಬಟ್ಟೆ, ಮೊದಲ ಪುಟದಲ್ಲಿ ರೋಟರಿ ಚಕ್ರದ ಮುದ್ರೆ. ಸಭೆ ಮಂಗಳವಾರ ಸಂಜೆ ಏಳು ಗಂಟೆಗೆ ಸೇರುತ್ತದೆ. ಅಲ್ಲಿಗೆ ತಂದುಕೊಟ್ಟರೆ ಉಪಕಾರವಾಗುತ್ತದೆ.